ಬಿಡಿಸಲಾಗದ ಆಟ

ಹೆಣ್ಣುಮಕ್ಕಳ ಆಟದ ವಯಸ್ಸು ಬಹಳ ಬೇಗ ಮುಗಿದುಹೋಗುತ್ತದೆ. ಏಳನೇ ತರಗತಿಯವರೆಗೆ ಕುಂಟೆಬಿಲ್ಲೆ, ಕಲ್ಲಾಟ ಎಂದು ಅಂಗಳ ಸವೆಸುವ ಹುಡುಗಿಯರು ಎಂಟನೇ ತರಗತಿಗೆ ಬರುವ ಹೊತ್ತಿಗೆ ಆಟದ ಪೀರಿಯಡ್ಡಿನಲ್ಲಿ ಮರದ ನೆರಳು ಹುಡುಕಿ ಕುಳಿತುಬಿಡುತ್ತಾರೆ. ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು ಇದನ್ನು ಪ್ರತಿ ಜೂನ್ ತಿಂಗಳಲ್ಲೂ ನೋಡುತ್ತೇನೆ. ಆಮೇಲೆ ಮದುವೆ, ಮನೆ, ಮಕ್ಕಳು. ಗಂಡಸರಿಗಾದರೆ ಅರವತ್ತು ದಾಟಿದರೂ ಕ್ಲಬ್ಬಿದೆ, ಕೇರಂ ಇದೆ, ಏನೂ ಇಲ್ಲದಿದ್ದರೆ ಅರಳೀಕಟ್ಟೆಯಾದರೂ ಇದೆ. ಹೆಂಗಸು ಒಂದು ಗಳಿಗೆ ಸುಮ್ಮನೆ ಕುಳಿತರೆ ‘ಯಾಕೆ, ಹುಷಾರಿಲ್ಲವೇ?’ ಎಂದು ಕೇಳುತ್ತಾರೆ. ಆಡುತ್ತಾ ಕುಳಿತರಂತೂ ಹೇಳುವುದೇ ಬೇಡ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಉದಾರಿಗಳಾಗಿದ್ದರು. ನಮ್ಮಜ್ಜಿಯ ಕಾಲದಲ್ಲಿ ಅಳಗುಳಿ ಮಣೆಗೆ ಹುಣಿಸೆ ಬೀಜ ಹಾಕಿಕೊಂಡು, ನೆಲದ ಮೇಲೆ ಚೌಕಾಬಾರದ ಮನೆ ಬರೆದು ಕವಡೆ ಎಸೆಯುತ್ತಾ ಮಧ್ಯಾಹ್ನ ಕಳೆಯುವುದು ಯಾರಿಗೂ ತಪ್ಪಾಗಿ ಕಾಣುತ್ತಿರಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಮಣೆಯಾಟಗಳನ್ನೂ ಚದುರಂಗದ ಕುದುರೆ ನಡೆಯ ಸಮಸ್ಯೆಗಳನ್ನೂ ಕಟ್ಟಿದವರು. ಟಿ.ವಿ. ಬಂದಮೇಲೆ ಮಣೆಗಳು ಅಟ್ಟ ಸೇರಿದವು. ನಾವು ಆಡುವುದನ್ನು ಬಿಟ್ಟು ನೋಡುವುದನ್ನು ಕಲಿತೆವು.

ನಮ್ಮ ಮನೆಗೆ ಕಂಪ್ಯೂಟರು ಬಂದದ್ದು 2003ರಲ್ಲಿ, ಮಗನ ಓದಿಗೆಂದು, ಸೊಸೈಟಿಯಲ್ಲಿ ಸಾಲ ಮಾಡಿ. ನಡುಮನೆಯ ಮೂಲೆಯಲ್ಲಿ ಅದಕ್ಕೊಂದು ಮೇಜು, ಧೂಳು ಕೂರದಂತೆ ಮೇಲೊಂದು ಹೊದಿಕೆ, ಆಯುಧಪೂಜೆಯ ದಿನ ಅರಿಶಿನ ಕುಂಕುಮ. ಮಗ ಕಾಲೇಜಿಗೆ, ನಮ್ಮವರು ಆಫೀಸಿಗೆ ಹೋದಮೇಲೆ ರಜಾ ದಿನಗಳಲ್ಲಿ ನಾನು ಆ ಹೊದಿಕೆ ತೆಗೆಯುವುದನ್ನು ಕಲಿತೆ. ಮೌಸು ಹಿಡಿಯಲು ಕೈ ಪಳಗಿಸಿದ್ದೇ ಅದರೊಳಗಿದ್ದ ಇಸ್ಪೀಟಿನಾಟ. ಆ ಆಟ 1990ರಲ್ಲೇ ವಿಂಡೋಸಿನ ಜೊತೆ ಸೇರಿಕೊಂಡಿತ್ತು. ನಮ್ಮತ್ತೆಯವರಿಗೆ ಇಸ್ಪೀಟು ಎಂದರೆ ಜೂಜು, ಜೂಜು ಎಂದರೆ ಮನೆಹಾಳು. ‘ದುಡ್ಡು ಕಟ್ಟುವುದಿಲ್ಲ ಅತ್ತೆ, ಎದುರಿಗೆ ಯಾರೂ ಇಲ್ಲ’ ಎಂದೆ. ‘ಹಾಗಾದರೆ ಗೆದ್ದು ಏನು ಬಂತು?’ ಎಂದರು. ಅದಕ್ಕೆ ನನ್ನ ಹತ್ತಿರ ಆಗ ಉತ್ತರವಿರಲಿಲ್ಲ.

ಈ ಆಟಗಳಲ್ಲಿ ಹಲವು ಬಗೆ. ಒಂದು ಬಗೆಯವು ಊರು, ಮನೆ, ಸಂಸಾರ ಕಟ್ಟುವವು. ಅಮೆರಿಕದ ವಿಲ್ ರೈಟ್ ಎಂಬಾತ ಬಾಂಬು ಹಾಕುವ ಒಂದು ಆಟವನ್ನು ಮಾಡುತ್ತಿದ್ದಾಗ, ಬಾಂಬು ಹಾಕುವುದಕ್ಕಿಂತ ಆ ಆಟಕ್ಕೆ ಬೇಕಾದ ಊರುಗಳನ್ನು ಜೋಡಿಸುವುದೇ ತನಗೆ ಖುಷಿಯೆಂದು ಕಂಡುಕೊಂಡ. ಅದರಿಂದ 1989ರಲ್ಲಿ ಸಿಮ್‌ಸಿಟಿ ಎಂಬ ಆಟ ಹುಟ್ಟಿತು. ರಸ್ತೆ ಹಾಕಬೇಕು, ಕರೆಂಟು ಕೊಡಬೇಕು, ಕಂದಾಯ ಎತ್ತಬೇಕು. ಕಂದಾಯ ಜಾಸ್ತಿ ಮಾಡಿದರೆ ಜನ ಊರು ಬಿಟ್ಟು ಹೋಗುತ್ತಾರೆ. ಗೆಲುವೂ ಇಲ್ಲ, ಸೋಲೂ ಇಲ್ಲದ ಇದನ್ನು ಯಾರು ಕೊಳ್ಳುತ್ತಾರೆಂದು ಪ್ರಕಾಶಕರು ಮೊದಲು ಹಿಂಜರಿದಿದ್ದರಂತೆ. 2000ದಲ್ಲಿ ಅದೇ ಮನುಷ್ಯ ಸಂಸಾರದ ಆಟವನ್ನೇ ತಂದ. ಅದರ ಹೆಸರು ದಿ ಸಿಮ್ಸ್. ಅದರಲ್ಲಿ ಊಟ ಮಾಡಿದ ತಟ್ಟೆ ತೊಳೆಯದೆ ಬಿಟ್ಟರೆ ನೊಣ ಮುತ್ತುತ್ತವೆ! ಮಗ ಅದನ್ನು ಶ್ರದ್ಧೆಯಿಂದ ಆಡುತ್ತಿದ್ದ. ಪರದೆಯ ಮೇಲಿನ ತಟ್ಟೆ ತೊಳೆಸುವಷ್ಟು ಕಾಳಜಿ ಅಡುಗೆಮನೆಯ ತಟ್ಟೆಯ ಮೇಲೂ ಇದ್ದಿದ್ದರೆ ಎಂದು ನಾನು ಗೊಣಗಿದ್ದುಂಟು.

ಇನ್ನೊಂದು ಬಗೆ, ತಲೆಗೆ ಕೆಲಸ ಕೊಡುವವು. ಮೈನ್‌ಸ್ವೀಪರ್ ಎಂಬುದರಲ್ಲಿ ಮುಚ್ಚಿದ ಮನೆಗಳಿರುತ್ತವೆ. ಒಂದನ್ನು ತೆರೆದರೆ ಸುತ್ತಲಿನ ಎಂಟು ಮನೆಗಳಲ್ಲಿ ಎಷ್ಟು ಬಾಂಬುಗಳಿವೆಯೆಂದು ಅಂಕಿ ಹೇಳುತ್ತದೆ. ಲೆಕ್ಕ ಹಾಕುತ್ತಾ ಹೋಗಬೇಕು. ಆದರೆ ಕೆಲವೊಮ್ಮೆ ಕೊನೆಗೆ ಎರಡೇ ಮನೆ ಉಳಿದು, ಬಾಂಬು ಯಾವುದರಲ್ಲಿದೆಯೆಂದು ಯಾವ ಲೆಕ್ಕವೂ ಹೇಳುವುದಿಲ್ಲ. ಸುಮ್ಮನೆ ಒಂದನ್ನು ಮುಟ್ಟಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫ್ರೀಸೆಲ್. 1978ರಲ್ಲಿ ಪಾಲ್ ಆಲ್ಫಿಲ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇದನ್ನು ಇಲಿನಾಯ್ ವಿಶ್ವವಿದ್ಯಾನಿಲಯದ ಕಂಪ್ಯೂಟರಿಗೆ ಬರೆದ. ಐವತ್ತೆರಡು ಎಲೆಗಳೂ ಎಂಟು ಸಾಲುಗಳಲ್ಲಿ ಮುಖ ಮೇಲಾಗಿ ಬಿದ್ದಿರುತ್ತವೆ, ಬಚ್ಚಿಟ್ಟದ್ದು ಏನೂ ಇಲ್ಲ. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಇಳಿಸುತ್ತಾ, ಎಕ್ಕದಿಂದ ರಾಜನವರೆಗೆ ನಾಲ್ಕೂ ಜಾತಿಯನ್ನು ಬೇರೆಬೇರೆಯಾಗಿ ಏರಿಸಬೇಕು. ಸದ್ಯಕ್ಕೆ ಬೇಡದ ಎಲೆಯನ್ನು ಇಟ್ಟುಕೊಳ್ಳಲು ನಾಲ್ಕೇ ನಾಲ್ಕು ಖಾಲಿ ಮನೆಗಳು. ಅವು ತುಂಬಿದವೋ, ಕೈಕಾಲು ಕಟ್ಟಿದಂತೆ. ತಿಂಗಳ ಕೊನೆಯಲ್ಲಿ ಸಂಸಾರ ತೂಗಿಸಿದವರಿಗೆ ಈ ಆಟದ ಮರ್ಮ ಬೇಗ ಹತ್ತುತ್ತದೆ. ಖಾಲಿ ಇರುವುದನ್ನು ಖಾಲಿಯಾಗಿಯೇ ಉಳಿಸಿಕೊಳ್ಳುವುದು ದೊಡ್ಡ ಜಾಣತನ.

2005ರಲ್ಲಿ ನನ್ನ ನಾದಿನಿ ನಮ್ಮಲ್ಲಿಗೆ ಬಂದು ನಾಲ್ಕು ತಿಂಗಳು ಇದ್ದಳು. ಅವಳ ಗಂಡ ನಲವತ್ತನಾಲ್ಕನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಬೆಳಿಗ್ಗೆ ಬೆನ್ನು ನೋವು ಎಂದಿದ್ದರು, ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಇವಳ ಬಾಯಲ್ಲಿ ಒಂದೇ ಮಾತು: ‘ಬೆನ್ನು ನೋವು ಅಂದಾಗಲೇ ಕರೆದುಕೊಂಡು ಹೋಗಿದ್ದರೆ...’ ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಡುಮನೆಯಲ್ಲಿ ಒಬ್ಬಳೇ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ಬಂದವರೆಲ್ಲ ಹಣೆಬರಹ, ದೇವರಿಚ್ಛೆ ಎಂದು ಹೇಳಿಹೋದರು. ಅದಾವುದೂ ಅವಳೊಳಕ್ಕೆ ಇಳಿಯಲಿಲ್ಲ.

ಒಂದು ರಾತ್ರಿ ನಾನು ಕಂಪ್ಯೂಟರು ಹಚ್ಚಿ ಫ್ರೀಸೆಲ್ ಆಡುತ್ತಾ ಕುಳಿತೆ. ಅವಳನ್ನು ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದೆ ಬಂದು ನಿಂತವಳು, ‘ಅತ್ತಿಗೆ, ಆ ಕೆಂಪು ಒಂಬತ್ತನ್ನು ಅಲ್ಲಿಗೆ ತೆಗೆದರೆ ಎಕ್ಕ ಬಿಡುತ್ತಲ್ಲ?’ ಎಂದಳು. ಎದ್ದು ಕುರ್ಚಿ ಕೊಟ್ಟೆ. ಆ ದಿನದಿಂದ ಊಟವಾದ ಮೇಲೆ ಒಂದು ಗಂಟೆ ಅವಳದ್ದು. ದುಃಖವೇನೂ ಹೋಗಲಿಲ್ಲ. ಆ ಒಂದು ಗಂಟೆ ‘ಕರೆದುಕೊಂಡು ಹೋಗಿದ್ದರೆ’ ಎಂಬ ಗಾಣ ನಿಲ್ಲುತ್ತಿತ್ತು, ಅಷ್ಟೇ. ಆ ಮೇಲೆ ನಿದ್ದೆಯೂ ಬರತೊಡಗಿತು.

ಈ ಆಟದಲ್ಲಿ ಪ್ರತಿ ಹಂಚಿಕೆಗೂ ಒಂದು ಸಂಖ್ಯೆ ಇರುತ್ತದೆ. ಸೋತರೆ ಅದೇ ಸಂಖ್ಯೆ ಕೊಟ್ಟು ಅದೇ ಎಲೆಗಳನ್ನು ಮತ್ತೆ ಬರಿಸಬಹುದು. ಅವಳು ಬಿಡದೆ ಐದಾರು ಸಲ ಅದನ್ನೇ ಆಡಿ, ಬಿಡಿಸಿಯೇ ಏಳುತ್ತಿದ್ದಳು. ‘ಎಲ್ಲ ಆಟವೂ ಗೆಲ್ಲುವಂಥದ್ದೇ ಏನೋ?’ ಎಂದು ಒಮ್ಮೆ ಮಗನನ್ನು ಕೇಳಿದಳು. ಅವನು ಎಲ್ಲೋ ಓದಿದ್ದನ್ನು ಹೇಳಿದ. ವಿಂಡೋಸಿನ ಫ್ರೀಸೆಲ್‌ನಲ್ಲಿ ಮೊದಲು ಇದ್ದದ್ದು 32,000 ಹಂಚಿಕೆ. ಎಲ್ಲವನ್ನೂ ಗೆಲ್ಲಬಹುದೆಂದು ನಂಬಿಕೆ, ಸಾಧಿಸಿ ತೋರಿಸಿಲ್ಲ ಎಂದು ಆಟದ ಸೂಚನೆಯಲ್ಲೇ ಬರೆದಿತ್ತು. 1994-95ರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಷ್ಟನ್ನೂ ಹಂಚಿಕೊಂಡು ಆಡಿ ನೋಡಿದರು. ಕೊನೆಗೆ ಒಂದೇ ಒಂದು ಉಳಿಯಿತು, 11982ನೆಯದು. ಅದಕ್ಕೆ ದಾರಿಯೇ ಇಲ್ಲವೆಂದು ಆಮೇಲೆ ಕಂಪ್ಯೂಟರುಗಳೂ ಹುಡುಕಿ ಹೇಳಿದವು.

ಅವಳು ನಂಬಲಿಲ್ಲ. ಆ ಸಂಖ್ಯೆ ಕೊಟ್ಟು ಹತ್ತು ರಾತ್ರಿ ಆಡಿದಳು. ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ನಡೆಗಳನ್ನು ಬರೆದಿಟ್ಟುಕೊಂಡಳು. ಹತ್ತನೆಯ ರಾತ್ರಿ ಪುಸ್ತಕ ಮುಚ್ಚಿ, ‘ಅತ್ತಿಗೆ, ಇದು ಆಗೋದಿಲ್ಲ. ಯಾರು ಕೂತರೂ ಆಗೋದಿಲ್ಲ’ ಎಂದಳು. ಆ ಮಾತಿನಲ್ಲಿ ಸೋತ ದನಿ ಇರಲಿಲ್ಲ.

ನಾನು ಮೇಷ್ಟರಮ್ಮನ ಚಪಲಕ್ಕೆ, ‘ಬದುಕಿನಲ್ಲೂ ಕೆಲವು ಹಾಗೇ ಅಲ್ಲವೇನೇ?’ ಎಂದೆ. ಅವಳು ತಟ್ಟನೆ ತಿರುಗಿ, ‘ಇಲ್ಲಿ ಎಲ್ಲ ಎಲೆಯೂ ಮೊದಲೇ ಕಾಣುತ್ತಲ್ಲ ಅತ್ತಿಗೆ. ಆವತ್ತು ನನಗೆ ಯಾವುದು ಕಾಣುತ್ತಿತ್ತು?’ ಎಂದಳು. ಹೇಳಿದವಳೇ ಒಂದು ಕ್ಷಣ ಸುಮ್ಮನಾದಳು. ಆರು ತಿಂಗಳಿಂದ ನಾವೆಲ್ಲ ಅವಳಿಗೆ ಹೇಳಲು ಒದ್ದಾಡುತ್ತಿದ್ದ ಮಾತನ್ನು ಅವಳೇ ಹೇಳಿಕೊಂಡಿದ್ದಳು. ಕಾಣದ ಎಲೆಗೆ ಲೆಕ್ಕ ಕೇಳುವುದು ನ್ಯಾಯವಲ್ಲ. ನಾನು ಮತ್ತೇನೂ ಸೇರಿಸಲು ಹೋಗದೆ ಹಾಲು ಬಿಸಿಮಾಡಲು ಎದ್ದೆ.

ಈಗ ಅವಳು ತನ್ನ ಊರಿನಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡು ಮಗಳ ಮದುವೆಯನ್ನೂ ಮಾಡಿದ್ದಾಳೆ. ಅದು ಅವಳ ಗಟ್ಟಿತನದಿಂದ ಆದದ್ದು, ಇಸ್ಪೀಟಿನಾಟದಿಂದ ಆದದ್ದಲ್ಲ. ಆದರೂ ನಾನು ಈ ಆಟಗಳನ್ನು ಹಗುರವಾಗಿ ಕಾಣಲಾರೆ. ಹೆಂಗಸರಾದ ನಮಗೆ ಸಾರು ಉಪ್ಪಾದರೂ ನಮ್ಮ ತಪ್ಪು, ಮಗುವಿಗೆ ನಂಬರು ಕಡಿಮೆ ಬಂದರೂ ನಮ್ಮ ತಪ್ಪು, ಮಳೆ ಬಂದು ಹಪ್ಪಳ ನೆನೆದರೂ ನಮ್ಮ ತಪ್ಪು. ಯೋಚಿಸಿದರೆ ಬಿಡಿಸಬಹುದಾದದ್ದು ಯಾವುದು, ಎಷ್ಟು ಯೋಚಿಸಿದರೂ ಆಗದ್ದು ಯಾವುದು, ಕಣ್ಣುಮುಚ್ಚಿ ಒಂದನ್ನು ಮುಟ್ಟಬೇಕಾದದ್ದು ಯಾವುದು ಎಂದು ಬೇರೆ ಮಾಡುವ ಅಭ್ಯಾಸವನ್ನು ನಮಗೆ ಯಾರೂ ಮಾಡಿಸಿಲ್ಲ.

2012ರ ವಿಂಡೋಸಿನಿಂದ ಆ ಹಳೆಯ ಆಟಗಳನ್ನು ತೆಗೆದುಹಾಕಿದರು. ಈಗಿನ ಹೊಸ ರೂಪಗಳಲ್ಲಿ ನಡುನಡುವೆ ಜಾಹೀರಾತು ಬೇರೆ. ಮಿತಿ ಇರಬೇಕೆಂಬುದು ನಿಜ. ಒಲೆಯ ಮೇಲಿನ ಹಾಲು ಉಕ್ಕುವಷ್ಟು ಆಡಬಾರದು. ಆದರೆ ಕೆಲಸವೆಲ್ಲ ಮುಗಿದ ಮೇಲಿನ ಅರ್ಧ ಗಂಟೆ ನಿಮ್ಮದು. ಮಕ್ಕಳು ಬಿಟ್ಟುಹೋದ ಹಳೆಯ ಕಂಪ್ಯೂಟರು ಮನೆಯ ಮೂಲೆಯಲ್ಲಿದ್ದರೆ ಅದರ ಧೂಳು ಒರೆಸಿ, ಅಟ್ಟದ ಅಳಗುಳಿ ಮಣೆಯಾದರೂ ಸರಿ, ಕೆಳಗಿಳಿಸಿ. ‘ಗೆದ್ದು ಏನು ಬಂತು?’ ಎಂದು ಯಾರಾದರೂ ಕೇಳಿದರೆ, ನಿದ್ದೆ ಬಂತು ಎನ್ನಿ.