ಬೆಕ್ಕಿನ ಕಣ್ಣೂ ಮೇಷ್ಟರ ಕಣ್ಣೂ

ನಮ್ಮ ಮನೆಯಲ್ಲಿ ಒಂದು ಬೆಕ್ಕುಂಟು. ‘ಉಂಟು’ ಎಂದಮಾತ್ರಕ್ಕೆ ನಾವು ಅದನ್ನು ಸಾಕಿದ್ದೇವೆಂದು ವಾಚಕರು ಭಾವಿಸಬಾರದು. ಎರಡು ವರ್ಷಗಳ ಹಿಂದೆ, ನಾನು ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತ ಮಳೆಗಾಲದಲ್ಲಿ, ಅದು ಗಾಂಧಿ ಬಜಾರಿನ ಹೂವಿನಂಗಡಿಗಳ ಕಡೆಯಿಂದ ತಾನಾಗಿ ಬಂದಿತು. ಬಂದು ಜಗಲಿಯ ಒಂದು ಮೂಲೆಯನ್ನು ಹಿಡಿಯಿತು. ನನ್ನ ಮನೆಯಾಕೆ ಒಂದು ಹಿಡಿ ಮೊಸರನ್ನವಿಕ್ಕಿದಳು. ಅಂದಿನಿಂದ ಆ ಮೂಲೆ ಅದರ ಸ್ವತ್ತಾಯಿತು.

ಬಸವನಗುಡಿಯಲ್ಲಿ ಬೆಕ್ಕಿಗಿರುವ ಹಕ್ಕು ನಮ್ಮ ಹಕ್ಕಿಗಿಂತ ಕಡಮೆಯದಲ್ಲವೆಂದೇ ನನ್ನೆಣಿಕೆ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗುಮಾರಿ ಬಂದಮೇಲೆ, ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನರು ಬಂದು ನೆಲಸಿದ ಬಡಾವಣೆಗಳಲ್ಲಿ ನಮ್ಮದೊಂದು, ಮಲ್ಲೇಶ್ವರವಿನ್ನೊಂದು. ಆ ರೋಗವು ಇಲಿಯ ಮೈಮೇಲಿನ ಚಿಗಟದಿಂದ ಹರಡುವುದೆಂದು ಸಿಮೋನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಕೊಂಡುದೂ ಅದೇ ವರ್ಷದಲ್ಲಿಯೇ. ಇಲಿಗೆ ಹೆದರಿ ಬೆಳೆದ ಊರಿನಲ್ಲಿ ಬೆಕ್ಕು ಬಾಡಿಗೆ ಕೊಡದೆ ಇದ್ದರೆ ತಪ್ಪೇನು?

ಆದರೆ ಆ ಬೆಕ್ಕಿಗೂ ನನಗೂ ಬಹುಕಾಲ ಸರಿಹೋಗಲಿಲ್ಲ. ಅದರೊಡನೆ ಸ್ನೇಹ ಬೆಳೆಸಬೇಕೆಂದು ನಾನು ಎದುರಿಗೆ ಕುಳಿತು, ಪ್ರೀತಿಯಿಂದಲೇ, ಅದರ ಕಣ್ಣನ್ನು ನೆಟ್ಟನೆ ನೋಡುವೆನು. ಅದು ಒಂದು ಕ್ಷಣ ನನ್ನನ್ನು ನೋಡಿ, ಕಿವಿಗಳನ್ನು ಹಿಂದಕ್ಕೆ ಮಡಿಸಿ, ಎದ್ದು ಹೊರಟುಹೋಗುವುದು. ನನ್ನಾಕೆಯಾದರೋ ಹುರುಳಿಕಾಯಿ ಹೆಚ್ಚುತ್ತ ಅದರ ಕಡೆಗೆ ತಿರುಗಿಯೂ ನೋಡಳು. ಅದು ಅವಳ ಸೆರಗಿನ ಮೇಲೆಯೇ ಹೋಗಿ ಮಲಗುವುದು! ಇದೇನು ಅನ್ಯಾಯವೆಂದು ನಾನು ಒಂದು ದಿನ ದೂರಿಕೊಂಡೆನು.

“ಕ್ಲಾಸಿನ ಹುಡುಗರನ್ನು ನೋಡೋ ಹಾಗೆ ಅದನ್ನು ನೋಡ್ತೀರಿ. ತಾನೇನು ತಪ್ಪು ಮಾಡಿದೆ ಅಂತ ಅದು ನಿಂತುಕೊಳ್ಳಬೇಕು?” ಎಂದಳು, ಕತ್ತೆತ್ತದೆ.

ಪ್ರಾಣಿಶಾಸ್ತ್ರವನ್ನು ಓದಿದ ನನ್ನ ಮಗಳು ಹಬ್ಬಕ್ಕೆ ಬಂದಿದ್ದಾಗ ತಾಯಿಯ ಪಕ್ಷವನ್ನೇ ವಹಿಸಿದಳು. “ಅಪ್ಪ, ಹಾಗೆ ದಿಟ್ಟಿಸೋದು ಬೆಕ್ಕಿನ ಪಾಲಿಗೆ ಜಗಳಕ್ಕೆ ಕರೆದ ಹಾಗೆ. ಎರಡು ಬೆಕ್ಕು ಗೋಡೆಯ ಮೇಲೆ ಎದುರುಬದುರಾದರೆ ಮೊದಲು ಕಣ್ಣಿನಲ್ಲೇ ಅಲ್ಲವೆ ಯುದ್ಧ?” ಎಂದು, ಬೆಕ್ಕಿನ ಕಣ್ಣಿನ ವಿಚಾರವಾಗಿ ನನಗೊಂದು ಪಾಠವನ್ನೇ ಮಾಡಿದಳು. ಮೂವತ್ತೈದು ವರ್ಷ ಪಾಠ ಹೇಳಿದವನು ವಿದ್ಯಾರ್ಥಿಯಾಗಿ ಕುಳಿತೆನು.

ನಮ್ಮ ಕಣ್ಣಿನ ಪಾಪೆ ದುಂಡಗೆ; ಬೆಕ್ಕಿನದು ಬೆಳಕಿನಲ್ಲಿ ನಿಂತ ಗೆರೆಯಂತೆ ಸೀಳಾಗುವುದು. ೨೦೧೫ರಲ್ಲಿ ಅಮೆರಿಕದ ಮತ್ತು ಇಂಗ್ಲೆಂಡಿನ ವಿದ್ವಾಂಸರು ೨೧೪ ಜಾತಿಯ ನೆಲವಾಸಿ ಪ್ರಾಣಿಗಳ ಕಣ್ಣುಗಳನ್ನು ಹೋಲಿಸಿ ನೋಡಿ, ನೆಲಕ್ಕೆ ಹತ್ತಿರವಾಗಿ ಹೊಂಚುಹಾಕಿ ಬೇಟೆಯಾಡುವ ಪ್ರಾಣಿಗಳಿಗೆ ಇಂತಹ ನಿಂತ ಸೀಳು ಹೆಚ್ಚೆಂದು ಹೇಳಿದರು; ಎರಗಬೇಕಾದ ದೂರವನ್ನು ಅಳೆಯಲು ಅದು ಸಹಾಯಕವಂತೆ. ನಮ್ಮ ಪಾಪೆಯ ವಿಸ್ತಾರವು ಹಿಗ್ಗಿದರೆ ಸುಮಾರು ೧೫ ಪಟ್ಟು ಹಿಗ್ಗೀತು. ಬೆಕ್ಕಿನದು ೧೩೫ ಪಟ್ಟು. ಕತ್ತಲೆಯಲ್ಲಿ ಅದರ ಕಣ್ಣು ಹೊಳೆಯುವುದು ದೆವ್ವದ ಸಂಬಂಧದಿಂದಲ್ಲ. ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಒಂದು ಪದರವಿದ್ದು, ಒಳಹೊಕ್ಕ ಬೆಳಕನ್ನು ಮತ್ತೊಮ್ಮೆ ಹಿಂದಕ್ಕೆ ಕಳುಹಿಸುವುದರಿಂದ. ಪಾಪೆ ಹಿಗ್ಗುವುದು ಕತ್ತಲೆಯಿಂದ ಮಾತ್ರವೂ ಅಲ್ಲ. ಭಯದಿಂದಲೂ ಹಿಗ್ಗುವುದು, ಆಟದ ಹುರುಪಿನಿಂದಲೂ ಹಿಗ್ಗುವುದು. ಆದುದರಿಂದ ಕಣ್ಣೊಂದನ್ನೇ ನೋಡಿ ತೀರ್ಪು ಹೇಳಬಾರದು. ಕಿವಿ, ಬಾಲ, ಕುಳಿತ ಭಂಗಿ ಎಲ್ಲವನ್ನೂ ಕೂಡಿಸಿ ಅರ್ಥಮಾಡಬೇಕು. ಇದು ನಮ್ಮ ಶಾಸ್ತ್ರಕ್ಕೂ ಒಪ್ಪುವ ಮಾತೇ: ಪ್ರಕರಣವನ್ನು ಬಿಟ್ಟು ಪದಕ್ಕೆ ಅರ್ಥ ಹೇಳುವವನು ಪಂಡಿತನಲ್ಲ.

ಇನ್ನು ಪ್ರೀತಿಯ ಮಾತು ಯಾವುದು? ನಿಧಾನವಾಗಿ ಎವೆಯಿಕ್ಕುವುದು. ಕಣ್ಣನ್ನು ಮೆಲ್ಲನೆ ಕಿರಿದುಮಾಡಿ, ಅರೆಮುಚ್ಚಿ, ಮುಚ್ಚಿ, ಮತ್ತೆ ತೆರೆಯುವುದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದರು. ಮೊದಲು ೧೪ ಮನೆಗಳ ೨೧ ಬೆಕ್ಕುಗಳ ಮುಂದೆ ಮನೆಯವರೇ ಹೀಗೆ ಎವೆಯಿಕ್ಕಿದರು. ಬೆಕ್ಕುಗಳೂ ಕಣ್ಣನ್ನು ಅರೆಮುಚ್ಚಿ ಉತ್ತರ ಕೊಟ್ಟುವು. ಬಳಿಕ ೨೪ ಬೆಕ್ಕುಗಳ ಮುಂದೆ ಗುರುತಿಲ್ಲದ ಒಬ್ಬರು ಕುಳಿತು ನೋಡಿದರು. ಸುಮ್ಮನೆ ನಿರ್ವಿಕಾರ ಮುಖದಿಂದ ಕೈ ಚಾಚಿದುದಕ್ಕಿಂತ, ಎವೆಯಿಕ್ಕಿದಮೇಲೆ ಕೈ ಚಾಚಿದಾಗ ಬೆಕ್ಕುಗಳು ಹೆಚ್ಚಾಗಿ ಬಳಿಗೆ ಬಂದುವು.

ಮಾರನೆಯ ದಿನದಿಂದಲೇ ನಾನೂ ಅಭ್ಯಾಸಕ್ಕೆ ತೊಡಗಿದೆನು. ಅರವತ್ತರ ಸಂಸ್ಕೃತ ಮೇಷ್ಟರೊಬ್ಬರು ಸಾಯಂಕಾಲದ ಹೊತ್ತು ಜಗಲಿಯ ಮೇಲೆ ಕುಳಿತು ಬೀದಿಯ ಕಡೆಗೆ ಕಣ್ಣು ಮುಚ್ಚಿ ತೆರೆಯುತ್ತಿರುವುದನ್ನು ಕಂಡು, ಬಜಾರಿಗೆ ಹೋಗುವವರು ಏನೆಂದುಕೊಂಡರೋ ತಿಳಿಯದು. ನಾಲ್ಕು ದಿನ ಬೆಕ್ಕು ನನ್ನನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಐದನೆಯ ದಿನ, ದೀಪ ಹಚ್ಚುವ ಹೊತ್ತಿಗೆ, ಅದು ನನ್ನ ಕಡೆಗೆ ಮುಖವೆತ್ತಿ, ಆ ಹಳದಿಯ ಕಣ್ಣುಗಳನ್ನು ಮೆಲ್ಲಗೆ ಮುಚ್ಚಿತು, ಮೆಲ್ಲಗೆ ತೆರೆಯಿತು. ನನಗೆ ಬಿರುದು ಬಂದಷ್ಟು ಸಂತೋಷವಾಯಿತೆಂದರೆ ನಗಬೇಡಿರಿ.

ಆಗ ನನಗೆ ನಮ್ಮ ಪೂರ್ವಿಕರು ಬೆಕ್ಕಿಗೆ ಮಾಡಿರುವ ಅಪಚಾರದ ನೆನಪಾಯಿತು. ಅರೆಗಣ್ಣು ಮಾಡಿ ಕುಳಿತ ಬೆಕ್ಕನ್ನು ಕಂಡು ಅವರು ಅದನ್ನು ಕಪಟಿಯೆಂದರು. ಮನುಸ್ಮೃತಿಯಲ್ಲಿ ಡಾಂಭಿಕನಿಗೆ ಬೈಡಾಲವ್ರತಿಕನೆಂದು ಹೆಸರು. ಭಾರತದ ಉದ್ಯೋಗಪರ್ವದಲ್ಲಿ ಧರ್ಮರಾಯನನ್ನು ಹಳಿಯಲು ದುರ್ಯೋಧನನಿಗೆ ಸಿಕ್ಕಿದ ಉಪಮಾನವೂ ತಪಸ್ವಿಯಂತೆ ನಟಿಸಿದ ಬೆಕ್ಕೇ. ಮಹಾಬಲಿಪುರದ ಬಂಡೆಯ ಮೇಲೆ ಪಲ್ಲವರ ಶಿಲ್ಪಿಯು ಅದನ್ನು ಕೈಯೆತ್ತಿ ನಿಲ್ಲಿಸಿದ್ದಾನೆ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿನ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ ನನ್ನೆದುರಿಗೆ ಕಣ್ಣು ಮುಚ್ಚಿದ ಈ ಬೆಕ್ಕು ಯಾವ ಹಾಲನ್ನೂ ಕದಿಯುತ್ತಿರಲಿಲ್ಲ. ‘ನಿನ್ನ ಮುಂದೆ ನಾನು ಎಚ್ಚರ ತಪ್ಪಿದರೂ ಭಯವಿಲ್ಲ’ ಎಂಬುದೇ ಅದರ ಮಾತಿನ ಅರ್ಥವೆಂದು ನನಗೆ ತೋರಿತು.

ದೇವತೆಗಳಿಗೆ ಸಂಸ್ಕೃತದಲ್ಲಿ ಅನಿಮಿಷರೆಂದು ಹೆಸರು, ಅವರು ಎವೆಯಿಕ್ಕರು. (ಮೀನಿಗೂ ಅದೇ ಹೆಸರೆಂಬುದನ್ನು ಕೋಶಕಾರರು ಮರೆತಿಲ್ಲ.) ದಮಯಂತಿಯ ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪದಲ್ಲಿಯೇ ನಿಂತಾಗ, ಆಕೆ ತನ್ನವನನ್ನು ಗುರುತಿಸಿದ ಲಕ್ಷಣಗಳಲ್ಲಿ ಅವನು ಎವೆಯಿಕ್ಕಿದುದೂ ಒಂದು. ಈ ಕಥೆಯನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಎವೆಯಿಕ್ಕದೆ ನೋಡುವ ದೊಡ್ಡವರ ನಡುವೆ ನಿಂತ ಹೆಣ್ಣಿನ ಮನಸ್ಸು ಹೇಗಿದ್ದೀತೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಏಕೆಂದರೆ ನಾನೂ ನನ್ನ ಕ್ಲಾಸಿನಲ್ಲಿ ಅನಿಮಿಷನಾಗಿಯೇ ಇದ್ದೆನು. ಬೆತ್ತವನ್ನು ನಾನು ಎಂದೂ ಮುಟ್ಟಲಿಲ್ಲ, ನೋಟವೇ ಸಾಕಾಗುತ್ತಿತ್ತು. ಅದು ನನ್ನ ಹೆಮ್ಮೆ. ಒಂದು ಪರೀಕ್ಷೆಯಲ್ಲಿ ಇಬ್ಬರು ಹುಡುಗರ ಉತ್ತರಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದುವು. ಇಬ್ಬರನ್ನೂ ನಿಲ್ಲಿಸಿ, “ನನ್ನ ಕಣ್ಣನ್ನು ನೋಡಿ ಹೇಳಿ, ನಕಲು ಮಾಡಿದವರು ಯಾರು?” ಎಂದೆನು. ಒಬ್ಬನು ನನ್ನನ್ನು ನೇರವಾಗಿ ನೋಡಿ, “ನಾನಲ್ಲ ಸಾರ್” ಎಂದನು. ಇನ್ನೊಬ್ಬನು, ಬಜಾರಿನ ಹೂವಾಡಗಿತ್ತಿಯ ಮಗ, ಕಣ್ಣನ್ನು ನೆಲಕ್ಕೆ ಹಾಕಿ ಸುಮ್ಮನೆ ನಿಂತನು. ತಪ್ಪಿತಸ್ಥನು ಯಾರೆಂದು ನನಗೆ ಸಂದೇಹವೇ ಉಳಿಯಲಿಲ್ಲ. ಸೊನ್ನೆ ಹಾಕಿ, ಒಂದು ವಾರ ಹೊರಗೆ ನಿಲ್ಲಿಸಿದೆನು. ತಿಂಗಳೊಳಗಾಗಿ ಸತ್ಯ ತಿಳಿಯಿತು. ನಕಲು ಮಾಡಿದವನು ನನ್ನ ಕಣ್ಣನ್ನು ನೋಡಿದವನೇ. ಅಂಕಗಳನ್ನು ತಿದ್ದಿದೆನು, ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಮೇಷ್ಟರಾದವರು ಹುಡುಗನಲ್ಲಿ ಕ್ಷಮೆ ಕೇಳುವುದೆ?

ಅವನು ಈಗ ತಾಯಿಯ ಜಾಗದಲ್ಲಿ ಕುಳಿತು ಹೂ ಮಾರುತ್ತಾನೆ. ನಾನು ಹೋದರೆ ಎದ್ದು ನಿಲ್ಲುತ್ತಾನೆ. ಕಣ್ಣು ಮಾತ್ರ ಮೇಲೇಳದು. ಇಷ್ಟು ವರ್ಷವೂ ಅದನ್ನು ಕಂಡು, ‘ಮರೆತಿಲ್ಲ, ಕೋಪವಿದೆ’ ಎಂದು ನಾನು ಬೇಗ ಬೇಗ ಹಣ ಕೊಟ್ಟು ಬರುತ್ತಿದ್ದೆನು.

ಹೋದ ಶುಕ್ರವಾರ ಹಾಗೆ ಬರಲಿಲ್ಲ. ಅಂಗಡಿಯ ಮುಂದೆ ಗಿರಾಕಿಗಳಿಲ್ಲದ ಹೊತ್ತು ನೋಡಿ, “ಅಂದು ನಕಲು ಮಾಡಿದವನು ನೀನಲ್ಲ. ಗೊತ್ತಾದ ಮೇಲೂ ನಾನು ನಿನಗೆ ಹೇಳಲಿಲ್ಲ. ತಪ್ಪಾಯಿತಪ್ಪ,” ಎಂದೆನು. ಹೇಳುವಾಗ ಅವನನ್ನು ದಿಟ್ಟಿಸಲಿಲ್ಲ. ಬುಟ್ಟಿಯ ಸೇವಂತಿಗೆಯನ್ನು ನೋಡುತ್ತಿದ್ದೆನು.

ಅವನು ದಾರವನ್ನು ಹಲ್ಲಿನಿಂದ ಕಡಿದು, “ಅದೆಲ್ಲ ಯಾವ ಕಾಲದ ಮಾತು ಬಿಡಿ ಸಾರ್. ಆಮೇಲೆ ಮಾರ್ಕ್ಸು ಕೊಟ್ಟಿರಲ್ಲ,” ಎಂದನು. ಸ್ವಲ್ಪ ತಡೆದು, “ದೊಡ್ಡೋರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ರು. ಅವತ್ತು ನೀವು ನೋಡು ನೋಡು ಅಂತೀರಿ, ಏನು ಮಾಡಲಿ ಸಾರ್?” ಎಂದು ನಕ್ಕನು.

ಕೋಪವಲ್ಲ, ತಪ್ಪಿನ ಅಳುಕೂ ಅಲ್ಲ, ಮರ್ಯಾದೆ! ಮೂವತ್ತೈದು ವರ್ಷ ವ್ಯಾಕರಣ ಹೇಳಿದವನಿಗೆ ತಗ್ಗಿಸಿದ ಎರಡು ಕಣ್ಣುಗಳ ಅನ್ವಯ ತಿಳಿದಿರಲಿಲ್ಲ.

ಅವನು ಮೊಳಕೈಗೆ ಹಿಡಿದು ಎರಡು ಮೊಳ ಮಲ್ಲಿಗೆ ಅಳೆದು, ಮೇಲೊಂದು ಗೇಣು ಸೇರಿಸಿ ಎಲೆಯಲ್ಲಿ ಕಟ್ಟಿಕೊಟ್ಟನು. ಹೂವನ್ನು ತಂದು ಮನೆಯಾಕೆಯ ಕೈಗಿತ್ತೆನು. “ಇವತ್ತು ಜಾಸ್ತಿ ಇದೆಯಲ್ಲ!” ಎಂದಳು. ಜಗಲಿಯ ಮೇಲಿನ ಬೆಕ್ಕು ಮಗ್ಗುಲಾಗಿ ಮಲಗಿದ್ದುದು ನನ್ನ ಕಡೆಗೊಮ್ಮೆ ನೋಡಿತು. ನಾನು ಚಪ್ಪಲಿ ಬಿಟ್ಟು, ಅದರಿಂದ ಒಂದು ಮಾರು ದೂರದಲ್ಲಿ ಕುಳಿತು, ಬೀದಿಯ ಕಡೆಗೆ ಮುಖ ತಿರುಗಿಸಿಕೊಂಡೆನು.