ರಾಗಿಯ ತವರಿನ ಕಡೆ

ಪರದೇಶಕ್ಕೆ ಹೋಗಿ ಬಂದವನನ್ನು ನಮ್ಮ ಜನ ಕೇಳುವ ಪ್ರಶ್ನೆಗಳು ಎರಡೇ: ಏನು ನೋಡಿದಿರಿ? ಏನು ತಿಂದಿರಿ? ಕೀನ್ಯಾ ದೇಶಕ್ಕೆ ಹೋಗಿ ಬಂದವನಿಗಂತೂ ಎರಡನೆಯ ಪ್ರಶ್ನೆ ಕೊಂಚ ಮರುಕದ ದನಿಯಲ್ಲಿ ಬರುತ್ತದೆ. ಸಿಂಹವನ್ನು ನೋಡಹೊರಟವನು ಊಟದ ಸುಖವನ್ನು ಮನೆಯಲ್ಲೇ ಬಿಟ್ಟು ಹೋಗಿರಬೇಕೆಂದು ಕೇಳುವವರ ನಂಬಿಕೆ. ನನ್ನ ಅನುಭವ ಹಾಗಲ್ಲ. ನೋಡಿದ್ದು ಒಂದು ಪುಟದಲ್ಲಿ, ತಿಂದದ್ದು ಇನ್ನೊಂದು ಪುಟದಲ್ಲಿ ಎಂದು ಲೆಕ್ಕ ಬರೆದಿಡುವುದು ಪ್ರವಾಸಿಗೆ ಮಾತ್ರ ಸಾಧ್ಯ. ಆ ಮಣ್ಣಿನಲ್ಲಿ ಉತ್ತು ಬಿತ್ತಿ ಬಾಳುವವರಿಗೆ ಅವೆರಡೂ ಒಂದೇ ಪುಟದ ಲೆಕ್ಕ.

ನನ್ನ ತಂಗಿಯ ಗಂಡನಿಗೆ ನೈರೋಬಿಯಲ್ಲಿ ಉದ್ಯೋಗ. ಅವರ ಕರೆಯ ಮೇಲೆ ಒಂದು ಡಿಸೆಂಬರಿನ ರಜದಲ್ಲಿ ನಾವು ಐದು ಮಂದಿ ಹೊರಟೆವು: ನಾನು, ನನ್ನಾಕೆ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ನಮ್ಮ ಅವ್ವ. ಮಕ್ಕಳು ನೋಡಬೇಕಾದ ಪ್ರಾಣಿಗಳ ಪಟ್ಟಿ ಮಾಡಿಕೊಂಡರು. ಅವ್ವ ಎರಡು ಸೇರು ರಾಗಿಹಿಟ್ಟನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಒಂದೇ ಒಂದು ಷರತ್ತು ಹಾಕಿದಳು: “ಮಗಳ ಮನೆ ನೋಡಾಕೆ ಬತ್ತೀನಿ ಕಣಪ್ಪ. ಆನೆ ಮಾತ್ರ ನಂಗೆ ತೋರಿಸ್ಬ್ಯಾಡಿ.”

ಈ ಮಾತಿಗೆ ಕಾರಣವುಂಟು. ನಮ್ಮೂರು ಹೆಗ್ಗಡದೇವನಕೋಟೆಯ ಕಡೆ, ಕಾಡಿನ ಅಂಚಿನಲ್ಲಿದೆ. ರಾಗಿಯ ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಆನೆ ಬರುತ್ತದೆ. ಗಂಡಸರು ಹೊಲದಲ್ಲಿ ಅಟ್ಟಣೆ ಕಟ್ಟಿ, ತಮಟೆ ಪಂಜುಗಳನ್ನು ಇಟ್ಟುಕೊಂಡು ರಾತ್ರಿಯೆಲ್ಲ ಕಾಯುತ್ತಾರೆ. 1994ರ ಮಾರ್ಗಶಿರದ ಒಂದು ರಾತ್ರಿ ಕಾವಲಿಗೆ ಹೋದ ನನ್ನ ಚಿಕ್ಕಪ್ಪ ಬೆಳಗ್ಗೆ ಮನೆಗೆ ಬರಲಿಲ್ಲ. ಅವನು ಅವ್ವನಿಗೆ ಬರಿಯ ಮೈದುನನಲ್ಲ. ಅವಳು ಸೊಸೆಯಾಗಿ ಬಂದಾಗ ಎಂಟು ವರ್ಷದ ತಬ್ಬಲಿ, ಅವಳ ಕೈತುತ್ತು ತಿಂದೇ ಬೆಳೆದವನು. ಆಮೇಲೆ ನಾವು ಮೈಸೂರಿನಲ್ಲಿ ನೆಲಸಿದೆವು. ಅಷ್ಟು ವರ್ಷಗಳಲ್ಲಿ ಅವ್ವ ಒಂದು ದಸರೆಯಲ್ಲಾದರೂ ಜಂಬೂಸವಾರಿ ನೋಡಲಿಲ್ಲ. ಅದೇನು ಮುನಿಸೋ ಭಯವೋ, ನಾವು ಕೇಳಲಿಲ್ಲ.

ನೈರೋಬಿಯ ಮೊದಲನೆಯ ಊಟದಲ್ಲೇ ಅವ್ವನ ಮುಖ ಅರಳಿತು. ತಟ್ಟೆಗೆ ಬಂದದ್ದು ಉಗಾಲಿ. ಕುದಿಯುವ ನೀರಿಗೆ ಮುಸುಕಿನ ಜೋಳದ ಬಿಳಿಯ ಹಿಟ್ಟನ್ನು ಸುರಿದು, ಮರದ ಸೌಟಿನಿಂದ ತೋಳು ಸೋಲುವವರೆಗೆ ತೊಳಸಿದರೆ ಉಗಾಲಿ. ಚೂರು ಮುರಿದು, ಬೆರಳುಗಳಲ್ಲಿ ಉರುಳಿಸಿ, ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ, ಆ ಗುಳಿಯಲ್ಲಿ ಪಲ್ಯವನ್ನು ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಯವರು ಅದನ್ನು ಅಗಿದು ತಿನ್ನುತ್ತಾರೆ. ಅವ್ವ ಮುದ್ದೆಯಂತೆ ನುಂಗಿದಳು. ಬಡಿಸಿದಾಕೆ ಗಾಬರಿಯಿಂದ ನೀರು ತಂದಳು. ಜೊತೆಗಿದ್ದ ಸೊಪ್ಪಿನ ಪಲ್ಯದ ಹೆಸರು ‘ಸುಕುಮ ವೀಕಿ’. ಹಾಗೆಂದರೆ ವಾರವನ್ನು ತಳ್ಳು ಎಂದು ಅರ್ಥ. ಕೈಯಲ್ಲಿ ಕಾಸಿಲ್ಲದಾಗ ಸಂಬಳದ ದಿನದವರೆಗೆ ಮನೆಯನ್ನು ದೂಡುವ ಸೊಪ್ಪು. ಇದನ್ನು ತಂಗಿ ವಿವರಿಸಿದಾಗ ಅವ್ವ, “ನಾವೂ ಸೊಪ್ಪಿನಲ್ಲೇ ಅಲ್ವಾ ದಿನ ತಳ್ಳಿದ್ದು?” ಎಂದಳು. ಕನ್ನಡದ ಮೇಷ್ಟರಾದ ನನಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಬರೆಯಲು ಬರುತ್ತಿರಲಿಲ್ಲ.

ಕೆಂಡದ ಮೇಲೆ ಸುಟ್ಟ ಆಡಿನ ಮಾಂಸ, ನ್ಯಾಮ ಚೋಮ, ನನ್ನ ಮಗನ ಪಾಲಿಗೆ ದೇಶದ ಸಾರಸರ್ವಸ್ವವಾಯಿತು. ಅದರ ಜೊತೆಗೆ ಕೊಡುವ ಈರುಳ್ಳಿ ಟೊಮೇಟೊ ಕೋಸಂಬರಿಗೆ ಕಚುಂಬರಿ ಎನ್ನುತ್ತಾರೆ. ಗಾಡಿಗೆ ‘ಗಾರಿ’, ಚಹಕ್ಕೆ ‘ಚಾಯ್’, ಲಕ್ಷಕ್ಕೆ ‘ಲಾಕಿ’, ಚಪಾತಿಗಂತೂ ಚಪಾತಿಯೇ. ಸಿಂಹಕ್ಕೆ ‘ಸಿಂಬಾ’ ಎಂದಾಗ ನಾನು ಹಿಗ್ಗಿದ್ದೆ. ಆದರೆ ಅದು ಬಾಂಟು ಭಾಷೆಗಳ ಸ್ವಂತ ಶಬ್ದ. ಸಂಸ್ಕೃತಕ್ಕೂ ಅದಕ್ಕೂ ನಂಟಿಲ್ಲ. ಚಪಾತಿ ಹೋದದ್ದು ರೈಲಿನ ಹಿಂದೆ. 1896ರಿಂದ 1901ರವರೆಗೆ ಮೊಂಬಾಸದಿಂದ ವಿಕ್ಟೋರಿಯ ಸರೋವರದ ತನಕ ಹಳಿ ಹಾಕಲು ನಮ್ಮ ದೇಶದಿಂದ 30,000ಕ್ಕೂ ಹೆಚ್ಚು ಕೂಲಿಗಳನ್ನು ಒಯ್ದರು. ಸುಮಾರು 2,500 ಮಂದಿ ಅಲ್ಲೇ ಮಣ್ಣಾದರು. 1898ರಲ್ಲಿ ತ್ಸಾವೊ ಹೊಳೆಯ ಸೇತುವೆ ಕಟ್ಟುವಾಗ ಎರಡು ಸಿಂಹಗಳು ತಿಂಗಳುಗಟ್ಟಲೆ ಡೇರೆಗಳಿಂದ ಕೂಲಿಗಳನ್ನು ಎಳೆದೊಯ್ದವು. ಇಂದು ಕೀನ್ಯಾದ ಮನೆಗಳಲ್ಲಿ ಹಬ್ಬದ ದಿನ ಚಪಾತಿ ಬೇಯುತ್ತದೆ. ಆ ಚಪಾತಿಯ ಹಿಂದೆ ಇಷ್ಟು ಕಥೆಯಿದೆ.

ನೈರೋಬಿಯ ಊರ ಮಗ್ಗುಲಲ್ಲೇ 1946ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಉದ್ಯಾನವಿದೆ. ಹಿಂದೆ ಮುಗಿಲು ಮುಟ್ಟುವ ಕಟ್ಟಡಗಳು, ಮುಂದೆ ಅವಕ್ಕೆ ಪೈಪೋಟಿ ಕೊಡುವಂತೆ ಕತ್ತು ಚಾಚಿದ ಜಿರಾಫೆ! ಈ 117 ಚದರ ಕಿಲೋಮೀಟರಿನಲ್ಲಿ ಘೇಂಡಾಮೃಗ, ಸಿಂಹ, ಕಾಡೆಮ್ಮೆ, ಪಟ್ಟೆಕುದುರೆ ಎಲ್ಲ ಇವೆ. ಆನೆ ಮಾತ್ರ ಇಲ್ಲ. ಅವ್ವ ನಿಶ್ಚಿಂತೆಯಿಂದ ಕಿಟಕಿಗೆ ಮುಖವಿಟ್ಟು ಕುಳಿತಿದ್ದಳು. ನಮ್ಮ ಗಾಡಿಯ ಚಾಲಕ ದಿನವೂ ಅವಳಿಗೆ “ಶಿಕಮೋ” ಎನ್ನುತ್ತಿದ್ದ. ಹಿರಿಯರಿಗೆ ಕಿರಿಯರು ಹೇಳುವ ನಮಸ್ಕಾರ ಅದು. ‘ನಿಮ್ಮ ಕಾಲು ಹಿಡಿಯುತ್ತೇನೆ’ ಎಂಬ ಮಾತಿನಿಂದ ಬಂದದ್ದೆಂದು ಹೇಳುತ್ತಾರೆ. ಹಿರಿಯರು “ಮರಹಬಾ” ಎನ್ನಬೇಕು. ಅವ್ವ ಮಾತ್ರ “ನೂರ್ಕಾಲ ಬಾಳಪ್ಪ” ಎಂದೇ ಹರಸುತ್ತಿದ್ದಳು. ಅವನಿಗೆ ಅದು ಅರ್ಥವಾಗುತ್ತಿತ್ತು.

ಅಲ್ಲಿಂದ ನಾವು 2017ರಲ್ಲಿ ಆರಂಭವಾದ ಹೊಸ ರೈಲಿನಲ್ಲಿ ವೋಯ್ ಎಂಬ ಊರಿಗೆ ಹೊರಟೆವು. ಹಳಿ ತ್ಸಾವೊ ಕಾಡಿನ ನಡುವೆಯೇ ಹಾಯುತ್ತದೆ. ಅವ್ವನಿಗೆ ಕೊಟ್ಟ ಮಾತನ್ನು ನಾವು ಉಳಿಸಿಕೊಳ್ಳುವಂತಿದ್ದರೂ ರೈಲಿನವರು ಅಂಥ ಮಾತು ಕೊಟ್ಟಿರಲಿಲ್ಲ. ಮಗಳು “ಅಜ್ಜಿ!” ಎಂದು ಕೂಗುವಷ್ಟರಲ್ಲಿ ಕಿಟಕಿಯ ಆಚೆ ಹನ್ನೆರಡು ಹದಿಮೂರು ಆನೆಗಳು ನಿಂತಿದ್ದವು. ನಮ್ಮ ಆನೆಗಿಂತ ಎತ್ತರ, ಮೊರದಗಲದ ಕಿವಿ, ಹೆಣ್ಣಿಗೂ ದಂತ. ಆ ಸೀಮೆಯ ಮಣ್ಣನ್ನು ಮೈಮೇಲೆ ಎರಚಿಕೊಂಡು ಅಡಿಯಿಂದ ಮುಡಿಯವರೆಗೆ ಕೆಂಪು. ಅವ್ವ ಮುಖ ತಿರುಗಿಸಲಿಲ್ಲ. ಅವು ಮರೆಯಾದ ಎಷ್ಟೋ ಹೊತ್ತಿನ ಮೇಲೆ, “ಹೊಲ ಉತ್ತು ಬಂದೋರ ಹಂಗವೆ” ಎಂದಳು.

ಎರಡು ತ್ಸಾವೊ ಉದ್ಯಾನಗಳೂ ಸೇರಿದರೆ 20,000 ಚದರ ಕಿಲೋಮೀಟರನ್ನು ಮೀರುತ್ತವೆ. ದಂತದಾಸೆಗೆ ಬೇಟೆಗಾರರು ನುಗ್ಗಿದ ಮೇಲೆ, 1988ರ ಎಣಿಕೆಯಲ್ಲಿ ಆ ಸೀಮೆಯ ಆನೆಗಳು ಸುಮಾರು 6,000ಕ್ಕೆ ಇಳಿದಿದ್ದವು. ಮರುವರ್ಷ ಕೀನ್ಯಾ ಸರ್ಕಾರ 12 ಟನ್ ದಂತವನ್ನು ಬಹಿರಂಗವಾಗಿ ಸುಟ್ಟು ಲೋಕಕ್ಕೆ ತನ್ನ ನಿಲುವನ್ನು ಸಾರಿತು. 2021ರ ಎಣಿಕೆಯಲ್ಲಿ ಆನೆಗಳು ಸುಮಾರು 15,000. ಕೇಳುವವರಿಗೆ ಸಂತೋಷದ ಸುದ್ದಿಯೇ. ಆದರೆ ಹೆಚ್ಚಿದ ಆನೆ ಮೇಯುವುದು ಉದ್ಯಾನದ ಗಡಿಯೊಳಗೆ ಮಾತ್ರವಲ್ಲ.

ಇದನ್ನು ಕಂಡದ್ದು ವೋಯ್ ಪಕ್ಕದ ಸಗಲ್ಲ ಎಂಬ ಹಳ್ಳಿಗಾಡಿನಲ್ಲಿ. ನಮ್ಮ ಚಾಲಕನ ನೆಂಟರ ಮನೆ ಅಲ್ಲಿತ್ತು. ಒಂದೆರಡು ಎಕರೆಯಲ್ಲಿ ಮುಸುಕಿನ ಜೋಳ, ಅಲಸಂದೆ, ಹೆಸರು. ಹೊಲದ ಸುತ್ತ ಹತ್ತು ಹತ್ತು ಮೀಟರಿಗೊಂದರಂತೆ, ಗೂಟಗಳ ನಡುವೆ ಜೇನುಪೆಟ್ಟಿಗೆಗಳನ್ನು ತಂತಿಯಿಂದ ತೂಗುಬಿಟ್ಟಿದ್ದರು. ಆನೆ ತಂತಿಗೆ ತಾಗಿದರೆ ಪೆಟ್ಟಿಗೆಗಳು ಅಲುಗುತ್ತವೆ, ಜೇನು ಏಳುತ್ತದೆ. ಅಷ್ಟು ದೊಡ್ಡ ಪ್ರಾಣಿ ಅಷ್ಟು ಸಣ್ಣ ಹುಳುವಿಗೆ ಹೆದರಿ ಓಡುತ್ತದೆ. ಆನೆಗೂ ಪೆಟ್ಟಿಲ್ಲ, ಮನೆಯವರಿಗೆ ಒಂದಿಷ್ಟು ಜೇನುತುಪ್ಪವೂ ಸಿಕ್ಕುತ್ತದೆ. ಬರಗಾಲದಲ್ಲಿ ಮಾತ್ರ ಹೂವಿಲ್ಲದೆ ಜೇನು ಗೂಡು ಬಿಟ್ಟು ಹೋಗುತ್ತದೆ. ಆಗ ಮತ್ತೆ ತಗಡು ಬಡಿಯುತ್ತ ರಾತ್ರಿ ಕಾವಲು ಕೂರುವುದೇ.

ಕಾವಲಿನ ಮಾತು ಬಂದಾಗ ಅವ್ವ ಮನೆಯ ಮುದುಕಿಯ ಪಕ್ಕಕ್ಕೆ ಸರಿದು ಕುಳಿತಳು. “ಯಾರಾದ್ರೂ ಹೋಗವ್ರಾ ಕೇಳು” ಎಂದು ನನಗೆ ಹೇಳಿದಳು. ಅವ್ವನ ಕನ್ನಡವನ್ನು ನಾನು ಇಂಗ್ಲಿಷಿಗೆ, ಚಾಲಕ ಅದನ್ನು ತಮ್ಮ ಮಾತಿಗೆ ತಿರುಗಿಸಿದೆವು. ಮುದುಕಿ ಹೊಲದಾಚೆಯ ಒಂದು ಮನೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಅವ್ವ ಅವಳ ಕೈ ಹಿಡಿದುಕೊಂಡಳು. ಮುಂದೆ ಅವರಿಬ್ಬರಿಗೂ ನಮ್ಮ ಭಾಷಾಂತರ ಬೇಕಾಗಲಿಲ್ಲ.

ಊಟದ ಹೊತ್ತಿಗೆ ಉಗಾಲಿ, ಹೆಸರುಕಾಳಿನ ಗೊಜ್ಜು ಸಿದ್ಧವಾಗಿದ್ದವು. ಅವ್ವ ಪೆಟ್ಟಿಗೆಯಿಂದ ತನ್ನ ರಾಗಿಹಿಟ್ಟನ್ನು ತೆಗೆದು, ಅದೇ ಒಲೆಯ ಮೇಲೆ ಎಸರಿಟ್ಟು ಮುದ್ದೆ ಮಾಡಿದಳು. ಮುದುಕಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಮೂಸಿ, “ವಿಂಬಿ!” ಎಂದು ನಕ್ಕಳು. ರಾಗಿಗೆ ಅಲ್ಲಿ ಅದೇ ಹೆಸರು. ಈಗಲೂ ಅದರ ಅಂಬಲಿಯನ್ನು ‘ಉಜಿ’ ಎಂದು ಕರೆದು ಮಕ್ಕಳಿಗೆ, ಬಾಣಂತಿಯರಿಗೆ ಕೊಡುತ್ತಾರೆ. ಮುದ್ದೆಯ ಜಾಗವನ್ನು ಮಾತ್ರ ಕಳೆದ ಶತಮಾನದಲ್ಲಿ ಅಮೆರಿಕದ ಮುಸುಕಿನ ಜೋಳ ಹಿಡಿದುಕೊಂಡಿತು. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕದ ಎತ್ತರದ ನಾಡಿನಲ್ಲಿ, ಇಥಿಯೋಪಿಯ ಉಗಾಂಡಗಳ ಕಡೆ, ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ನಮ್ಮ ಕಡೆ ಬಂತು. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಯೊಡನೆ ವಾದಿಸಿ ಗೆದ್ದ ನಮ್ಮ ನರೆದಲೆಗ ಆಫ್ರಿಕದ ಹೆಣ್ಣುಮಗಳು! ಅವ್ವನಿಗೆ ಇದನ್ನು ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ. “ತವರು ದೂರವಾದ್ರೇನು, ಕಷ್ಟ ಒಂದೇ ಅಲ್ವಾ” ಎಂದಳು.

ಕಷ್ಟ ಒಂದೇ, ಅದರ ಹಂಚಿಕೆ ಮಾತ್ರ ಸಮನಲ್ಲ. ಕೀನ್ಯಾದಲ್ಲಿ 1977ರಿಂದ ಬೇಟೆಗೆ ನಿಷೇಧವಿದೆ. ನಮ್ಮಲ್ಲಿಯೂ ಆನೆಗೆ ಕಾನೂನಿನ ಕಾವಲಿದೆ. ಕರ್ನಾಟಕದಲ್ಲಿ ಸುಮಾರು 6,000 ಆನೆಗಳಿವೆ, ದೇಶದಲ್ಲೇ ಹೆಚ್ಚು ಎಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಹೆಮ್ಮೆ ಎಲ್ಲರದು, ಆನೆ ತುಳಿದ ಹೊಲ ಕಾಡಂಚಿನ ನಾಲ್ಕು ಮನೆಯವರದು. ದೂರದಿಂದ ಬಂದ ನಾವು ಟಿಕೆಟ್ಟು ಕೊಂಡು ಆನೆ ನೋಡಿ, ಊರಿಗೆ ಮರಳಿ ಅದರ ಚಿತ್ರ ತೋರಿಸುತ್ತೇವೆ. ಆ ಆನೆಗೆ ಉಣಬಡಿಸಿದವರು ಯಾರು ಎಂದು ಕೇಳುವವರು ಕಡಮೆ. ಆನೆ ಬೇಡವೆಂದು ಸಗಲ್ಲದ ಆ ಮನೆಯವರೂ ಹೇಳಲಿಲ್ಲ, ನಮ್ಮ ಅವ್ವನೂ ಹೇಳಲಿಲ್ಲ. ತಮ್ಮ ತಟ್ಟೆಯ ಅನ್ನ ಅದರ ಸೊಂಡಿಲಿಗೆ ಹೋಗುವಾಗ ನೋಡುವವರೂ ಒಂದು ತುತ್ತು ಹಂಚಿಕೊಳ್ಳಲಿ ಎಂಬುದಷ್ಟೇ ಅವರ ನ್ಯಾಯ.

ಊರಲ್ಲಿ ನನ್ನ ತಮ್ಮ ಈಗಲೂ ರಾಗಿ ಬೆಳೆಯುತ್ತಾನೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರು 2021ರಲ್ಲಿ ಕೊಡಗಿನ ಕಾಡಂಚಿನಲ್ಲಿ ಇಂಥ ಜೇನುಪೆಟ್ಟಿಗೆಗಳನ್ನು ಇಟ್ಟು ನೋಡಿದ್ದರು. ಮೈಸೂರಿಗೆ ಬಂದ ಮಾರನೆಯ ದಿನವೇ ಅವ್ವ ಅವನಿಗೆ ಫೋನು ಮಾಡಿಸಿದಳು. ತಾನು ವಿಮಾನ ಏರಿದ್ದು, ಸಿಂಹ ಕಂಡದ್ದು, ಮಗಳ ಮನೆಯ ಸೊಗಸು ಯಾವುದನ್ನೂ ಹೇಳಲಿಲ್ಲ. “ಜೇನುಪೆಟ್ಟಿಗೆ ಎಷ್ಟಾಯ್ತದೆ ವಿಚಾರಿಸ್ಲಾ ಮಗ. ನಾನು ಕಾಸು ಕೊಡ್ತೀನಿ” ಎಂದಳು.