ಅರ್ಧ ಜೊತೆ ಶೂ

ಮೊನ್ನೆ ಭಾನುವಾರ ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ರೈಲಿಗೆ ಕಾಯ್ತಾ ಕೂತಿದ್ದೆ. ಹಿಂದಿನಿಂದ ಯಾರೋ ಬಂದು ಭುಜಕ್ಕೆ ಗುದ್ದಿದರು. ತಿರುಗಿ ನೋಡಿದರೆ ಅವನು! ಹೊಟ್ಟೆ ಬಂದಿದೆ, ತಲೆ ಪೂರ್ತಿ ಬೆಳ್ಳಗಾಗಿದೆ, ಕೈಯಲ್ಲಿ ತೆಂಗಿನಕಾಯಿ ಚೀಲ. ಆದರೆ ಗುದ್ದು ಮಾತ್ರ ಅದೇ, ಬಾಲ್ ಪಾಸ್ ಮಾಡು ಅನ್ನೋ ಹಳೇ ಗುದ್ದು.

ಹೆಸರು ಬೇಡ ಬಿಡಿ. ಊರಲ್ಲಿ ಅವನ ಅಂಗಡಿ ಎಲ್ಲರಿಗೂ ಗೊತ್ತು, ಓದಿದವರು ಹೋಗಿ ಕೇಳಿಬಿಡ್ತಾರೆ. ನಾವು ಓದಿದ ಕಾಲೇಜಿನ ಹೆಸರೂ ಬೇಡ. ಮುನ್ನೂರು ಚಿಲ್ಲರೆ ಹುಡುಗರಿದ್ದ ಸಣ್ಣ ಕಾಲೇಜು. ಕಡೂರು, ಯಗಟಿ, ಹಿರೇನಲ್ಲೂರು, ಅಜ್ಜಂಪುರ ಅಂತ ಸುತ್ತಲಿನ ಊರುಗಳಿಂದ ಬುತ್ತಿ ಕಟ್ಟಿಕೊಂಡು ಬರೋರೇ ಜಾಸ್ತಿ. ಆಟ ಅಂದ್ರೆ ವಾಲಿಬಾಲ್, ಇಲ್ಲ ಕಬಡ್ಡಿ. ಬ್ಯಾಸ್ಕೆಟ್‌ಬಾಲ್ ನಮ್ಮಲ್ಲಿಗೆ ಬಂದಿದ್ದೇ ಪಿ.ಡಿ. ಮೇಷ್ಟ್ರ ಹಟದಿಂದ. ಅದೆಲ್ಲಿಂದಲೋ ರೈಲು ಹಳಿಯ ಎರಡು ಹಳೇ ತುಂಡು ಹೊಂಚಿ ತಂದು ನಿಲ್ಲಿಸಿ, ಹಲಗೆ ಹೊಡೆಸಿ, ಕಮ್ಮಾರನ ಹತ್ತಿರ ರಿಂಗ್ ಮಾಡಿಸಿದ್ದರು. ಜಂಕ್ಷನ್ ಊರಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ಇನ್ನೇನರಿಂದ ಆಗಬೇಕು ಹೇಳಿ! ಅಂಕಣ ಬರೀ ಮಣ್ಣು. ದಿನಾ ಸಂಜೆ ನೀರು ಚಿಮುಕಿಸಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯೋದು ಜೂನಿಯರ್‌ಗಳ ಕೆಲಸ.

ಮೇಷ್ಟ್ರು ಕಥೆ ಹೇಳೋದರಲ್ಲಿ ಎತ್ತಿದ ಕೈ. 1891ರಲ್ಲಿ ಅಮೆರಿಕದಲ್ಲಿ ನೈಸ್ಮಿತ್ ಅನ್ನೋ ಮೇಷ್ಟ್ರು ಚಳಿಗಾಲದಲ್ಲಿ ಹುಡುಗರನ್ನ ಒಳಾಂಗಣದಲ್ಲೇ ಆಡಿಸಬೇಕಾಗಿ ಬಂದು, ಬಾಲ್ಕನಿಗೆ ಪೀಚ್ ಹಣ್ಣಿನ ಬುಟ್ಟಿ ಹೊಡೆಸಿ ಈ ಆಟ ಹುಟ್ಟಿಸಿದ್ದು ಅಂತ ಹೇಳಿದಾಗ ಇವನು, "ಸಾರ್, ಬಾಲ್ ಬುಟ್ಟಿಗೆ ಬಿದ್ಮೇಲೆ ಯಾರ್ ತೆಗೀತಿದ್ರು?" ಅಂತ ಕೇಳಿದ್ದ. ಏಣಿ ಹತ್ತಿ ತೆಗೀತಿದ್ರಂತೆ. 1980ರ ಮಾಸ್ಕೋ ಒಲಿಂಪಿಕ್ಸಿನ ಕಥೆಯನ್ನೂ ಅವರು ಆಗಾಗ ಹೇಳೋರು. ಎಷ್ಟೋ ದೇಶಗಳು ಬಹಿಷ್ಕಾರ ಹಾಕಿದ್ದರಿಂದ ನಮ್ಮ ಗಂಡಸರ ತಂಡಕ್ಕೆ ಜಾಗ ಸಿಕ್ಕಿತು, ಒಂದು ಮ್ಯಾಚೂ ಗೆಲ್ಲದೆ ವಾಪಸ್ ಬಂದರು. "ಸೋತ್ರು. ಆದ್ರೆ ಹೋಗಿದ್ರಲ್ಲಯ್ಯಾ!" ಅನ್ನೋರು. ಇವತ್ತಿಗೂ ಅದೊಂದೇ ಸಲ ನಾವು ಹೋಗಿರೋದು.

ಇನ್ನು ಆ ಪಂದ್ಯಾವಳಿಯ ವಿಷಯ. 1987ಕ್ಕೆ ಮುಂಚೆ ನಮ್ಮ ಕಡೆ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾಲಯದ ಕೆಳಗಿದ್ದವು. ಅಂತರ ಕಾಲೇಜು ಅಂದ್ರೆ ಕೊನೆಗೆ ಮೈಸೂರಿನ ದೊಡ್ಡ ಕಾಲೇಜುಗಳ ಮುಂದೆ ನಿಲ್ಲಬೇಕು, ನಮ್ಮಂಥವರ ಕಥೆ ಅಲ್ಲಿಗೇ ಮುಗೀತು. ಆ ವರ್ಷ ಕುವೆಂಪು ವಿಶ್ವವಿದ್ಯಾಲಯ ಶುರುವಾಯ್ತು ನೋಡಿ, ಇದ್ದಕ್ಕಿದ್ದಂತೆ ಕೆರೆ ಸಣ್ಣದಾಯ್ತು, ನಾವು ಸ್ವಲ್ಪ ದೊಡ್ಡ ಮೀನಾದೆವು. 1990ರಲ್ಲಿ ಪಂದ್ಯಾವಳಿ ಭದ್ರಾವತಿಯಲ್ಲಿ. ಆಗಿನ್ನೂ ಮೀಟರ್ ಗೇಜು. ಬೀರೂರಲ್ಲಿ ರೈಲು ಹತ್ತಿ ತರೀಕೆರೆ ದಾಟಿ ಭದ್ರಾವತಿ ಸೇರೋ ಹೊತ್ತಿಗೆ ಹತ್ತು ಜನರೂ ಬುತ್ತಿ ಖಾಲಿ ಮಾಡಿದ್ದೆವು.

ಹತ್ತು ಜನಕ್ಕೆ ಇದ್ದಿದ್ದು ಏಳು ಜೊತೆ ಶೂ. ಯಾರು ಹೊರಗೆ ಬರ್ತಾರೋ ಅವರು ಬಿಚ್ಚಿಕೊಡೋದು, ಒಳಗೆ ಹೋಗೋನು ಹಾಕಿಕೊಳ್ಳೋದು. ಇದರಲ್ಲಿ ಒಂದು ಜೊತೆ ನಂದೂ ಅವನದೂ ಸೇರಿ. ಇಬ್ಬರದೂ ಎಂಟನೇ ನಂಬರು ಕಾಲು. ತಲಾ ತೊಂಬತ್ತು ರೂಪಾಯಿ ಹಾಕಿ ಶಿವಮೊಗ್ಗದಲ್ಲಿ ತಗೊಂಡಿದ್ದೆವು. ಅವನ ತೊಂಬತ್ತು ರೂಪಾಯಿ ಎಲ್ಲಿಂದ ಬಂತು ಅಂತ ನಂಗೊತ್ತು. ಎರಡು ವಾರ ಮಂಡಿಯಲ್ಲಿ ತೆಂಗಿನಕಾಯಿ ಸುಲಿದಿದ್ದ. ನಂದು ಅಪ್ಪ ಕೊಟ್ಟಿದ್ದು.

ಅಲ್ಲಿ ಹೋಗಿ ನೋಡಿದರೆ ಸಿಮೆಂಟ್ ಅಂಕಣ! ಬಾಲ್ ಪುಟಿದರೆ ಎದೆಮಟ್ಟ ಬರ್ತಿದೆ. ರಿಂಗೂ ಎತ್ತರ ಅನ್ನಿಸಿತು. ಇರಬೇಕಾದ್ದು ಹತ್ತು ಅಡಿ, ಅಂದ್ರೆ 3.05 ಮೀಟರ್. ನಮ್ಮ ಹಳಿ ಕಂಬ ಎರಡು ಇಂಚು ಗಿಡ್ಡ ಇತ್ತು ಅಂತ ಮೇಷ್ಟ್ರು ಆವತ್ತು ಒಪ್ಪಿಕೊಂಡರು. ಆದರೆ ಮಣ್ಣು ನಮಗೊಂದು ಉಪಕಾರ ಮಾಡಿತ್ತು. ಮಣ್ಣಲ್ಲಿ ಬಾಲ್ ಎಲ್ಲಿ ಕಲ್ಲಿಗೆ ತಾಗಿ ಎತ್ತ ಹಾರುತ್ತೋ ಹೇಳಕ್ಕಾಗಲ್ಲ, ಹಾಗಾಗಿ ನಾವು ಡ್ರಿಬಲ್ ಮಾಡ್ತಾನೇ ಇರಲಿಲ್ಲ, ಬರೀ ಪಾಸು. ಎದುರಿನವರಿಗೆ ಬಾಲ್ ಯಾರ ಕೈಯಲ್ಲಿದೆ ಅನ್ನೋದೇ ಗೊತ್ತಾಗ್ತಿರಲಿಲ್ಲ. ಹಾಗೇ ಫೈನಲ್ ತನಕ ಬಂದುಬಿಟ್ಟೆವು.

ಆಗ ಇಪ್ಪತ್ತು ನಿಮಿಷದ ಎರಡು ಅರ್ಧ. ಈಗಿನ ಹಾಗೆ ಹತ್ತು ನಿಮಿಷದ ನಾಲ್ಕು ಭಾಗ ಬಂದಿದ್ದು 2000ದಲ್ಲಿ. ಮೊದಲರ್ಧ ಪೂರ್ತಿ ಅವನು ಆಡಿದ, ಎರಡನೇ ಅರ್ಧಕ್ಕೆ ಶೂ ನನ್ನ ಕಾಲಿಗೆ ಬಂತು. ಇನ್ನು ಆರು ನಿಮಿಷ ಇದೆ ಅನ್ನುವಾಗ ನಮ್ಮ ಉದ್ದನೆ ಹುಡುಗ ಐದನೇ ಫೌಲ್ ಮಾಡಿ ಹೊರಗೆ ಹೋದ. ಮೇಷ್ಟ್ರು ಇವನನ್ನ ಕರೆದರು. ಈಗ ನಾವಿಬ್ಬರೂ ಒಟ್ಟಿಗೆ ಒಳಗಿರಬೇಕು! ಉದ್ದನೆಯವನ ಶೂ ಹನ್ನೊಂದನೇ ನಂಬರು, ದೋಣಿ ಇದ್ದಂಗೆ, ಅದರಲ್ಲಿ ಓಡಕ್ಕಾಗಲ್ಲ. ಬೆಂಚಿನಲ್ಲಿದ್ದ ಇನ್ನೊಂದು ಜೊತೆ ಆರನೇ ನಂಬರು.

ಅವನು ಆ ಆರನೇ ನಂಬರನ್ನ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದ. ಕೇಳಲಿಲ್ಲ, ಬರೀ ನೋಡಿದ. ನಮ್ಮಿಬ್ಬರಲ್ಲಿ ಅವನೇ ಒಳ್ಳೆ ಆಟಗಾರ, ಅದು ನಂಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ನಾನು ಬಗ್ಗಿ ಲೇಸ್ ಬಿಗಿ ಮಾಡಿಕೊಂಡೆ. ಲೇಸ್ ಸಡಿಲ ಆಗಿರಲಿಲ್ಲ.

ಎರಡು ಪಾಯಿಂಟಿನಿಂದ ಗೆದ್ದೆವು. ಕೊನೇ ಬುಟ್ಟಿ ಅವನದ್ದೇ. ಹುಡುಗರು ಅವನನ್ನ ಎತ್ತಿಕೊಂಡು ಕುಣಿದಿದ್ದೇನು, ಮೇಷ್ಟ್ರು ಕಣ್ಣು ಒರೆಸಿಕೊಂಡಿದ್ದೇನು! ರಾತ್ರಿ ಶೂ ಬಿಚ್ಚಿದಾಗ ಅವನ ಎರಡೂ ಹೆಬ್ಬೆರಳ ಉಗುರು ಕಪ್ಪಗಾಗಿ ಮೇಲೆದ್ದಿದ್ದವು. ಬೆಳಿಗ್ಗೆ ಏಳಕ್ಕೆ ವಿಶ್ವವಿದ್ಯಾಲಯ ತಂಡದ ಆಯ್ಕೆ. ಅವನು ಅಂಕಣದ ತನಕ ಕುಂಟಿಕೊಂಡು ಬಂದ, ನಾಲ್ಕು ಹೆಜ್ಜೆ ಓಡಿದ, ಕೂತುಬಿಟ್ಟ. "ನೀನ್ ಹೋಗೋ, ಶೂ ನಿನ್ ಹತ್ರಾನೇ ಇದ್ಯಲ್ಲ" ಅಂದ. ಹೋದೆ. ಹನ್ನೆರಡು ಜನರಲ್ಲಿ ನನ್ನ ಹೆಸರು ಹನ್ನೆರಡನೆಯದು.

ಆಮೇಲಿನದು ಬೇಗ ಹೇಳಿಬಿಡ್ತೀನಿ. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋದೆ, ಬಹುಪಾಲು ಬೆಂಚಿನಲ್ಲೇ ಕೂತಿದ್ದೆ. ಒಂದು ಬ್ಲೇಜರ್, ಒಂದು ಸರ್ಟಿಫಿಕೇಟು ಸಿಕ್ಕಿತು. ಆ ಸರ್ಟಿಫಿಕೇಟಿನಿಂದ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು. ಮನೆ, ಮಕ್ಕಳ ಓದು, ಇನ್ನೇನು ಬರಲಿರುವ ಪಿಂಚಣಿ, ಎಲ್ಲ ಅದರಿಂದಲೇ. ಆಫೀಸಿನಲ್ಲಿ ನಾನು ಮಾಜಿ ಆಟಗಾರ. ಹೊಸಬರಿಗೆ ಫೈನಲ್ ಕಥೆ ಎಷ್ಟೋ ಸಲ ಹೇಳಿದ್ದೀನಿ, ಲೇಸಿನ ವಿಷಯ ಬಿಟ್ಟು. ನನ್ನ ಹೆಂಡತಿಗೂ ಹೇಳಿರಲಿಲ್ಲ. ಇಲ್ಲೇ ಮೊದಲು ಬರೀತಿರೋದು.

ಮೊನ್ನೆ ಅವನ ಹತ್ತಿರ ಹೇಳಿಬಿಡೋಣ ಅಂತ ಬಾಯಿ ತೆರೆದೆ. "ಲೋ, ಆವತ್ತು ಭದ್ರಾವತಿಲಿ..." ಅಂದೆ. ಅವನು ಅಷ್ಟಕ್ಕೇ ನಗೋಕೆ ಶುರು ಮಾಡಿದ. "ಆ ಶೂ ಏನ್ ಮಾಡ್ದ್ಯೋ? ಅದ್ರಲ್ಲಿ ನನ್ ತೊಂಬತ್ ರೂಪಾಯಿ ಇತ್ತು ಕಣೋ!"

ಏನು ಹೇಳಲಿ? ಅಟ್ಟದ ಮೇಲೆ ಇತ್ತು, ಮನೆ ಬದಲಾಯಿಸುವಾಗ ಯಾರೋ ಎಸೆದರು ಅಂದೆ. ಅದು ನಿಜವೇ. ಜೇಬಿನಿಂದ ನೂರರ ನೋಟು ತೆಗೆದೆ, ತಮಾಷೆಗೆ ಅನ್ನೋ ಹಾಗೆ. ಅವನು ತಗೊಂಡ! ಅಂಗಿ ಜೇಬಿಗೆ ಹಾಕಿಕೊಂಡು, ಪ್ಯಾಂಟಿನ ಜೇಬೆಲ್ಲ ತಡಕಾಡಿ ಹತ್ತರ ನೋಟೊಂದನ್ನ ವಾಪಸ್ ಕೊಟ್ಟ. ಅಷ್ಟರಲ್ಲಿ ರೈಲು ಬಂತು. ಹತ್ತಿ ಕೂತ ಮೇಲೆ ಕಿಟಕಿ ಹತ್ತಿರ ಬಂದು, ಸರಳುಗಳ ಸಂದಿನಲ್ಲಿ ಒಂದೊಂದೇ ತೆಂಗಿನಕಾಯಿ ತೂರಿಸೋಕೆ ಶುರು ಮಾಡಿದ. ನಾಲ್ಕು ಬಂದವು. ಐದನೆಯದು ದಪ್ಪ ಇತ್ತು, ತೂರಲಿಲ್ಲ. ರೈಲು ಹೊರಟರೂ ಅವನು ಅದನ್ನ ಹಿಡಿದುಕೊಂಡು ಪ್ಲಾಟ್‌ಫಾರ್ಮಿನಲ್ಲಿ ಪಕ್ಕದಲ್ಲೇ ಓಡ್ತಾ ಬಂದ, ಹವಾಯಿ ಚಪ್ಪಲಿಯಲ್ಲಿ.